ಏಳು ದಿನ ಉಚಿತ

ಏಳು ದಿನ ಉಚಿತ, ಆಮೇಲೆ
ಮುನ್ನೂರ ನಲವತ್ತೊಂಬತ್ತು ಝ್ಲೋಟಿ.
ಇವತ್ತು ಆರನೆಯ ರಾತ್ರಿ.
ವುಚ್ ನಗರದ ಟ್ರಾಮ್ ಡಿಪೋದಿಂದ ಬಂದು
ಉಗುರಿನ ಸಂದಿಯ ಗ್ರೀಸನ್ನು ಉಜ್ಜಿ ಉಜ್ಜಿ ತೊಳೆದು
ಚೆಲ್ಲೋವನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡಿದ್ದೇನೆ.
ಹಳೇ ಸಾಮಾನಿನ ಸಂತೆಯಲ್ಲಿ ಕೊಂಡದ್ದು. ಪಕ್ಕೆಯಲ್ಲೊಂದು ಸೀಳು;
ಟ್ರಾಮಿನ ಸೀಟಿಗೆ ಹಚ್ಚುವ ಅಂಟಿನಿಂದಲೇ ಮುಚ್ಚಿದ್ದೇನೆ,
ಯಾರಿಗೂ ಹೇಳಬೇಡಿ.

ಪರದೆಯೊಳಗಿನ ಮೇಷ್ಟ್ರಿಗೆ ಇಪ್ಪತ್ತೇಳಿರಬಹುದು,
ಏಕವಚನ ಸಾಕು.
ಅವನ ಹಿಂದೆ ಕುಂಡದಲ್ಲಿ ನಿಂಬೆಗಿಡ,
ಆರು ದಿನವಾದರೂ ಒಂದೆಲೆ ಉದುರಿಲ್ಲ.
ಕಮಾನನ್ನು ಹಕ್ಕಿಮರಿ ಹಿಡಿದಂತೆ ಹಿಡಿಯಿರಿ, ಅನ್ನುತ್ತಾನೆ.
ನಾನು ಮೂವತ್ತು ವರ್ಷ ಹಿಡಿದದ್ದು ಸ್ಪ್ಯಾನರು.
ಈಗ ನೀವು ನುಡಿಸಿ, ಅನ್ನುತ್ತಾನೆ.
ಒಂಬತ್ತು ಸೆಕೆಂಡು ಸುಮ್ಮನಿರುತ್ತಾನೆ.
ಆಮೇಲೆ ನಗುತ್ತಾನೆ: ಬಹಳ ಚೆನ್ನಾಗಿದೆ!

ಮೂರನೆಯ ದಿನ ಪರೀಕ್ಷೆ ಮಾಡಿದೆ.
ಕಮಾನು ಕೆಳಗಿಟ್ಟು, ಆ ಒಂಬತ್ತು ಸೆಕೆಂಡಿನಲ್ಲಿ
ಕರಿ ಬ್ರೆಡ್ಡಿನ ಮೇಲೆ ಉಪ್ಪುಸೌತೆ ಇಟ್ಟು ಕಚ್ಚಿದೆ.
ಬಹಳ ಚೆನ್ನಾಗಿದೆ! ಅಂದ.
ನಿಜಕ್ಕೂ ಚೆನ್ನಾಗಿತ್ತು, ಸೌತೆ.

ಕೋಣನ ಮುಂದೆ ಕಿನ್ನರಿ ಅನ್ನುತ್ತಾರಲ್ಲ,
ಇಲ್ಲಿ ಕೋಣ ಯಾರು, ಕಿನ್ನರಿ ಯಾವುದು?
ಕೋಣವಾದರೂ ಒಮ್ಮೆ ಕಿವಿ ಅಲ್ಲಾಡಿಸೀತು.

ನ್ಯಾಯವಾಗಿ ಹೇಳಬೇಕೆಂದರೆ ಇನ್ನೊಂದು ಮಗ್ಗುಲೂ ಇದೆ.
ಎಂಟು ವರ್ಷದವಳಿದ್ದಾಗ ಸಂಗೀತ ಶಾಲೆಯಲ್ಲಿ
ಗೆನೊವೆಫಾ ಟೀಚರು ಪೆನ್ಸಿಲಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದರು:
ತಪ್ಪು ಸ್ವರಕ್ಕೆ ಒಂದು, ಅತ್ತರೆ ಎರಡು.
ಈ ಹುಡುಗಿಗೆ ಕಿವಿಯೇ ಇಲ್ಲ ಎಂದು ಅಮ್ಮನಿಗೆ ಬರೆದು ಕಳಿಸಿದರು.
ಆ ಇಲ್ಲದ ಕಿವಿಯಿಂದಲೇ ನಾನು
ತಿರುವಿನಲ್ಲಿ ಕಿರ್ರೆನ್ನುವ ಟ್ರಾಮು ಕಣ್ಣಿಗೆ ಬೀಳುವ ಮೊದಲೇ
ಯಾವ ಚಕ್ರ ಸವೆದಿದೆ ಎಂದು ಹೇಳುತ್ತೇನೆ.
ಹುಡುಗರು ಯಂತ್ರ ತರುತ್ತಾರೆ, ಅಳೆಯುತ್ತಾರೆ,
ಆಮೇಲೆ ನನ್ನ ಮುಖ ನೋಡುತ್ತಾರೆ.

ಪರದೆಯವನು ಹೊಡೆಯುವುದಿಲ್ಲ.
ಎಪ್ಪತ್ತಮೂರನೆಯ ಸಲ ಹಿಂದಕ್ಕೆ ತಿರುಗಿಸಿದರೂ
ಮೊದಲ ಸಲದ ಅದೇ ತಾಳ್ಮೆ.
ನನ್ನ ಮದುವೆಯಲ್ಲಿ ಅಷ್ಟು ತಾಳ್ಮೆ ಇದ್ದಿದ್ದರೆ...
ಬಿಡಿ, ಅದು ಬೇರೆ ಲೆಕ್ಕ.
ರಾತ್ರಿ ಹನ್ನೊಂದಕ್ಕೆ ಬನಿಯನ್ನಿನಲ್ಲಿ ಕೂತವಳಿಗೆ
ಬೇರೆ ಯಾವ ಗುರು ಬಾಗಿಲು ತೆರೆದಾನು?
ಮುನ್ನೂರ ನಲವತ್ತೊಂಬತ್ತು ಅಂದರೆ ಚಳಿಗಾಲದ ಒಂದು ಜೊತೆ ಬೂಟು.
ಹಳೆಯದು ಇನ್ನೊಂದು ಹಿಮ ತಡೆದೀತು.

ಹೀಗೆ ಕೂಡಿಸಿ ಕಳೆಯುತ್ತ ನುಡಿಸುತ್ತಿರುವಾಗ
ರೇಡಿಯೇಟರಿನ ಕೊಳವೆ ಟಣ್ ಅಂದಿತು.
ಕೆಳಮನೆಯ ಸೆವೆರಿನ್ ಮುದುಕ, ಚಮಚದಲ್ಲಿ.
ಬಂತು ದೂರು ಎಂದು ಕಮಾನು ಎತ್ತಿಬಿಟ್ಟೆ.
ನಿಲ್ಲಿಸಿದರೂ ಟಣ್. ಟಣ್. ಟಣ್.
ಬೈಗುಳಕ್ಕೆ ಇಷ್ಟು ಸಮನಾದ ಅಂತರ ಇರುವುದಿಲ್ಲ.
ಬಟ್ಟೆ ಗಿರಣಿಯ ಬ್ಯಾಂಡಿನಲ್ಲಿ ಡೋಲು ಬಡಿಯುತ್ತಿದ್ದವನಂತೆ,
ಮೆಟ್ಟಿಲ ಮೇಲೆ ಯಾರೋ ಅಂದದ್ದು ನೆನಪಾಯಿತು.
ಗಿರಣಿ ಈಗ ಅಂಗಡಿ ಸಾಲು.

ನುಡಿಸಿದೆ.
ಮೇಷ್ಟ್ರ ಮೆಟ್ರೊನೋಮಿಗಿಂತ ಆ ಚಮಚ ನಿಧಾನ,
ಮೂರನೆಯ ಏಟು ತುಸು ಕುಂಟುತ್ತದೆ
ಸವೆದ ಚಕ್ರದ ಹಾಗೆ. ಆ ಕುಂಟು ನನಗೆ ಗೊತ್ತು.
ಪರದೆಯ ದನಿ ಆರಿಸಿದೆ. ಸದ್ದಿಲ್ಲದ ಮೇಷ್ಟ್ರು
ನಿಂಬೆಗಿಡದ ಮುಂದೆ ತೋಳಾಡಿಸುತ್ತಲೇ ಇದ್ದ.
ಮಣಿಕಟ್ಟು ನೋಡಿ ಕಲಿಯುವುದಕ್ಕೆ ಅದೂ ಬೇಕು, ಸುಳ್ಳೇಕೆ.

ನಾಲ್ಕನೆಯ ಸಾಲಿನಲ್ಲಿ ಕಿರುಬೆರಳು ಜಾರಿತು.
ಕೊಳವೆ ಎರಡು ಸಲ ಬೇಗ ಬೇಗ ಬಡಿಯಿತು: ಹಿಂದಕ್ಕೆ.
ಹಿಂದಕ್ಕೆ ಹೋದೆ.
ಮತ್ತೆ ಜಾರಿತು. ಮತ್ತೆ ಎರಡು.

ದುಡ್ಡು ಕಟ್ಟುವ ಗುಂಡಿ ಮೂಲೆಯಲ್ಲಿ ಹಸಿರಾಗಿ ಮಿನುಗುತ್ತಿದೆ.
ನಾಳೆ ರಾತ್ರಿ ಹನ್ನೆರಡರ ತನಕ ಮಿನುಗಲಿ.
ಬೂಟೋ, ಪಾಠವೋ, ಚೆರ್ರಿ ಮದ್ಯದ ಒಂದು ಬಾಟಲಿ ಹಿಡಿದು
ಒಂದು ಮಹಡಿ ಇಳಿಯುವುದೋ,
ಅಥವಾ ಸಾಲ ಮಾಡಿ ಮೂರೂ.

ಅಷ್ಟರಲ್ಲಿ ಕೆಳಗೆ ಕೆಮ್ಮು ಹತ್ತಿತು. ಚಮಚ ನಿಂತಿತು.
ಒಂಬತ್ತು ಸೆಕೆಂಡು. ಹತ್ತು. ಇಪ್ಪತ್ತು.
ಪರದೆಯಲ್ಲಿ ತುಟಿಗಳು ಬಹಳ ಚೆನ್ನಾಗಿದೆ ಅಂದವು.
ಕಮಾನನ್ನು ತಂತಿಯ ಮೇಲೆ ಇಟ್ಟುಕೊಂಡೇ
ನಾನು ಕಾದೆ.